ಒಂದೇ ಲೈಬ್ರರಿಯ ಮೂರು ಟೆಸ್ಟ್ ಡ್ಯಾಶ್‌ಬೋರ್ಡ್‌ಗಳನ್ನು ಒಂದು ಮಾಡುವುದು ಹೇಗೆ?

ಕಾಸರಗೋಡು, ಮಂಜೇಶ್ವರ ಕಡೆಯ ನಿಮ್ಮ ಗುಂಪಿನ ಕನ್ನಡ–ಮಲಯಾಳ ಲಿಪ್ಯಂತರ ಲೈಬ್ರರಿಗೆ ಜೆಂಕಿನ್ಸ್, ಗಿಟ್‌ಹಬ್ ಆಕ್ಷನ್ಸ್ (ಕೋಡ್ ಬದಲಾದಾಗ ಟೆಸ್ಟ್‌ಗಳನ್ನು ತಾವೇ ಓಡಿಸುವ ಸಿಐ ವ್ಯವಸ್ಥೆಗಳು), ಗ್ರಫಾನಾ (ಡೇಟಾವನ್ನು ಚಾರ್ಟ್ ಮಾಡಿ ತೋರಿಸುವ ಸಾಧನ) ಹೀಗೆ ಮೂರು ಕಡೆ ಫಲಿತಾಂಶ ಕಾಣುತ್ತದೆ, ಒಂದರಲ್ಲಿ ಪಾಸ್ ಆದ ಟೆಸ್ಟ್ ಇನ್ನೊಂದರಲ್ಲಿ ಫೇಲ್, ಯಾವುದನ್ನು ಉಳಿಸಲಿ ಎಂದು ಕೇಳಿದ್ದೀರಿ. ಆ ತೀರ್ಮಾನವನ್ನು ಕೊನೆಗೆ ಬಿಡಿ. ಮೊದಲು ಫಲಿತಾಂಶಗಳೆಲ್ಲ ಒಂದೇ ಡೇಟಾಬೇಸಿಗೆ ಬರಲಿ. ನಿಮ್ಮ ಕೆಲಸಕ್ಕೆ ಒಂದು ಪೋಸ್ಟ್‌ಗ್ರೆಸ್ ಡೇಟಾಬೇಸ್ ಧಾರಾಳವಾಯಿತು.

ಫಲಿತಾಂಶವನ್ನು ಅಲ್ಲಿಗೆ ಸಾಗಿಸಲು ಜೆಯೂನಿಟ್ ಎಕ್ಸ್‌ಎಂಎಲ್ ಎಂಬ ಫೈಲ್ ರೂಪ ಸಾಕು. ಆದರೆ ಅದಕ್ಕೆ ಎಲ್ಲರೂ ಒಪ್ಪಿದ ಒಂದೇ ಸ್ಕೀಮಾ (ರಚನೆಯ ನಿಯಮ) ಇಲ್ಲ. ಪೈಥಾನ್ ಟೆಸ್ಟ್ ಓಡಿಸುವ ಪೈಟೆಸ್ಟ್‌ನಲ್ಲಿ ‘ಫೇಲ್ ಆಗುತ್ತದೆ’ ಎಂದು ಮೊದಲೇ ಗುರುತು ಹಾಕಿದ ಟೆಸ್ಟ್ ಕೂಡ ‘ಸ್ಕಿಪ್ಡ್’ ಎಂದೇ ಬರುತ್ತದೆ. ಅದರ ಜೊತೆಗಿರುವ ‘ಟೈಪ್’ ನೋಡಿ ಬೇರ್ಪಡಿಸಿ.

ಡೇಟಾಬೇಸಿನ ಪ್ರತಿ ಸಾಲಿಗೆ ಕೀ (ಸಾಲನ್ನು ಗುರುತಿಸುವ ಮಾಹಿತಿ) ಇಷ್ಟು: ಯಾವ ಸಿಐ, ರನ್ ಐಡಿ, ಅಟೆಂಪ್ಟ್ ಸಂಖ್ಯೆ, ಓಎಸ್ ಮತ್ತು ಪೈಥಾನ್ ಆವೃತ್ತಿ, ಟೆಸ್ಟಿನ ಹೆಸರು. ಗಿಟ್‌ಹಬ್‌ನಲ್ಲಿ ರೀ-ರನ್ ಮಾಡಿದರೆ ರನ್ ಐಡಿ ಬದಲಾಗುವುದಿಲ್ಲ, ಅಟೆಂಪ್ಟ್ ಮಾತ್ರ ಏರುತ್ತದೆ. ಕೀಯಲ್ಲಿ ಅಟೆಂಪ್ಟ್ ಸೇರಿಸದಿದ್ದರೆ ಎರಡನೇ ಸಲದ ಪಾಸ್ ಮೊದಲಿನ ಫೇಲನ್ನು ಅಳಿಸಿಹಾಕುತ್ತದೆ. ಕಮಿಟ್ ಹ್ಯಾಶ್‌ಗೆ (ಕೋಡಿನ ಒಂದು ಆವೃತ್ತಿಯ ಗುರುತಿಗೆ) ಎರಡು ಕಾಲಂ ಇಡಿ: ನಿಮ್ಮ ಕಮಿಟ್‌ನದು ಒಂದು, ನಿಜಕ್ಕೂ ಓಡಿದ ಕೋಡಿನದು ಒಂದು. ಪುಲ್ ರಿಕ್ವೆಸ್ಟ್ (ಬದಲಾವಣೆ ಸೇರಿಸಿಕೊಳ್ಳುವ ಕೋರಿಕೆ) ರನ್‌ನಲ್ಲಿ ಆಕ್ಷನ್ಸ್ ಕೊಡುವ ಹ್ಯಾಶ್ ನಿಮ್ಮ ಕಮಿಟ್‌ನದಲ್ಲ, ಗುರಿ ಬ್ರಾಂಚಿನೊಡನೆ ಮಾಡಿದ ತಾತ್ಕಾಲಿಕ ಮರ್ಜ್‌ನದು. ಜೆಂಕಿನ್ಸ್ ನೇರ ಹೆಡ್ ಕಮಿಟನ್ನೇ (ನಿಮ್ಮ ಬ್ರಾಂಚಿನ ಕೊನೆಯ ಕಮಿಟನ್ನೇ) ಓಡಿಸುತ್ತಿದ್ದರೆ ಎರಡೂ ಕಡೆ ಪರೀಕ್ಷೆಯಾದ ಕೋಡೇ ಬೇರೆ. ನಿಮ್ಮ ಪಾಸ್–ಫೇಲ್ ಜಗಳಕ್ಕೆ ನಾನು ಮೊದಲು ಹುಡುಕುವ ಕಾರಣ ಇದು.

ಇನ್ನು ಟೆಸ್ಟಿನ ಹೆಸರು. ನಿಮ್ಮಂಥ ಲೈಬ್ರರಿಗೆ ನಿಜವಾದ ತೊಡಕು ಇಲ್ಲಿದೆ. ಒತ್ವವನ್ನು ಒಂದೇ ಕೋಡ್ ಆಗಿಯೂ ಬರೆಯಬಹುದು, ಎತ್ವ ಮತ್ತು ಊತ್ವ ಜೋಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ‘ಕೊಡೆ’, ಡೇಟಾಬೇಸಿಗೆ ಎರಡು ಟೆಸ್ಟ್. ಎನ್‌ಎಫ್‌ಸಿ (ಇಂಥ ಬರಹಗಳನ್ನು ಒಂದೇ ರೂಪಕ್ಕೆ ತರುವ ಯೂನಿಕೋಡ್ ನಾರ್ಮಲೈಸೇಶನ್) ಮಾಡಿದರೆ ಇವು ಸೇರುತ್ತವೆ. ಮಲಯಾಳದ ಚಿಲ್ಲಕ್ಷರ (ಸ್ವರವಿಲ್ಲದ ವ್ಯಂಜನದ ವಿಶೇಷ ರೂಪ) ಸೇರುವುದಿಲ್ಲ: 2008ರ ಯೂನಿಕೋಡ್ 5.1ರಲ್ಲಿ ಬಂದ ಬಿಡಿ ಚಿಲ್ಲು ಮತ್ತು ಝಡ್‌ಡಬ್ಲ್ಯುಜೆ ಎಂಬ ಕಾಣದ ಅಕ್ಷರ ಬಳಸುವ ಹಳೆಯ ಜೋಡಣೆ ಎನ್‌ಎಫ್‌ಸಿ ಆದಮೇಲೂ ಬೇರೆಯೇ. ಸಾಲದ್ದಕ್ಕೆ ಪೈಟೆಸ್ಟ್ ಪ್ಯಾರಾಮೀಟರ್‌ನ (ಟೆಸ್ಟಿಗೆ ಕೊಡುವ ಇನ್‌ಪುಟ್‌ನ) ಕನ್ನಡ ಅಕ್ಷರಗಳನ್ನು \u0c95 ಥರದ ಎಸ್ಕೇಪ್ ಕೋಡ್ ಮಾಡಿ ಹೆಸರಿಗೆ ಸೇರಿಸುತ್ತದೆ. ಹಾಗೆಂದು ಎಲ್ಲವನ್ನೂ ನಾರ್ಮಲೈಸ್ ಮಾಡಿಬಿಟ್ಟರೆ, ಎನ್‌ಕೋಡಿಂಗ್ ವ್ಯತ್ಯಾಸವನ್ನೇ ಪರೀಕ್ಷಿಸುವ ಎರಡು ಟೆಸ್ಟ್‌ಗಳು ಒಂದಾಗಿ ಹೋಗುತ್ತವೆ. ಆದ್ದರಿಂದ ಪ್ರತಿ ಪ್ಯಾರಾಮೀಟರ್‌ಗೆ ನೀವೇ ಆಸ್ಕಿ (ಸಾದಾ ಇಂಗ್ಲಿಷ್) ಅಕ್ಷರಗಳಲ್ಲಿ ಒಂದು ಐಡಿ ಕೊಡಿ, ಕನ್ನಡ–ಮಲಯಾಳ ಪಠ್ಯ ಇನ್‌ಪುಟ್‌ನಲ್ಲಿ ಹೇಗಿದೆಯೋ ಹಾಗೆ ಇರಲಿ. ಬೇಸರದ ಕೆಲಸ, ಆದರೂ ಇದಾಗದೆ ಹಳೆಯ ಇತಿಹಾಸವನ್ನು ಜೋಡಿಸಲು ಹೋಗಬೇಡಿ.

ಆಕ್ಷನ್ಸ್‌ನಲ್ಲಿ ಫಲಿತಾಂಶ ಅಪ್‌ಲೋಡ್ ಮಾಡುವ ಹಂತಕ್ಕೆ ‘ಆಲ್ವೇಸ್’ (ಏನೇ ಆದರೂ ಓಡು) ಷರತ್ತು ಬೇಕೇ ಬೇಕು. ಇಲ್ಲದಿದ್ದರೆ ಟೆಸ್ಟ್ ಫೇಲ್ ಆದಾಗ ಮುಂದಿನ ಹಂತ ಓಡದೆ, ಪಾಸ್ ಆದವು ಮಾತ್ರ ಡೇಟಾಬೇಸ್ ತಲುಪುತ್ತವೆ. ಹೊರಗಿನವರ ಫೋರ್ಕ್‌ನಿಂದ (ಅವರು ಮಾಡಿಕೊಂಡ ನಕಲಿನಿಂದ) ಬಂದ ಪುಲ್ ರಿಕ್ವೆಸ್ಟ್ ರನ್‌ಗೆ ಡೇಟಾಬೇಸ್ ಪಾಸ್‌ವರ್ಡಿನಂಥ ನಿಮ್ಮ ಸೀಕ್ರೆಟ್ ಸಿಗುವುದಿಲ್ಲ. ಅಲ್ಲಿ ಎಕ್ಸ್‌ಎಂಎಲನ್ನು ಆರ್ಟಿಫ್ಯಾಕ್ಟ್ (ರನ್ ಜೊತೆ ಗಿಟ್‌ಹಬ್‌ನಲ್ಲಿ ಉಳಿಯುವ ಫೈಲ್) ಆಗಿ ಇಟ್ಟು, ‘ವರ್ಕ್‌ಫ್ಲೋ ರನ್’ ಘಟನೆಯಿಂದ ಶುರುವಾಗುವ ಎರಡನೇ ವರ್ಕ್‌ಫ್ಲೋ ಅದನ್ನು ಸೇರಿಸಲಿ. ಆ ಫೈಲ್ ನಂಬಿಕಸ್ತ ಕಡೆಯಿಂದ ಬಂದದ್ದಲ್ಲ; ಓದಬೇಕೇ ಹೊರತು ಅದರೊಳಗಿನ ಏನನ್ನೂ ಚಲಾಯಿಸಬಾರದು.

ಆರ್ಟಿಫ್ಯಾಕ್ಟ್‌ಗಳು ಡೀಫಾಲ್ಟಾಗಿ 90 ದಿನಕ್ಕೆ ಅಳಿಯುತ್ತವೆ, ಬೇಕಾದ ಹಳೆಯವನ್ನು ಈಗಲೇ ಇಳಿಸಿಕೊಳ್ಳಿ. ನೋಡಲು ಗ್ರಫಾನಾ ಇರಲಿ, ಪೋಸ್ಟ್‌ಗ್ರೆಸ್‌ಗೆ ನೇರ ಜೋಡಣೆಯಾಗುತ್ತದೆ. ಎರಡು ವಾರ ಹಳೆಯದು, ಹೊಸದು ಎರಡನ್ನೂ ಓಡಿಸಿ, ದಿನದ ಫೇಲ್ ಪಟ್ಟಿ ತಾಳೆಯಾದ ಮೇಲೆ ನಿಮ್ಮದೇ ಸರ್ವರಿನಲ್ಲಿರುವ ಹಳೆಯ ಪುಟಗಳಿಗೆ 301 ರೀಡೈರೆಕ್ಟ್ (ಹೊಸ ವಿಳಾಸಕ್ಕೆ ಕಾಯಂ ಕಳಿಸುವ ಸೂಚನೆ) ಹಾಕಿ, ರೀಡ್‌ಮೀಯ ಬ್ಯಾಡ್ಜ್ ಲಿಂಕ್ ಬದಲಿಸಿ.