ಕೊನೆಯ ಕಂಬದ ಮನೆಯಲ್ಲಿ ಮಧ್ಯಾಹ್ನದ ವೋಲ್ಟೇಜು

ಮಾನ್ಯರೇ,

ಹಿರಿಯೂರು ತಾಲ್ಲೂಕಿನಿಂದ ನೀವು ಬರೆದ ಪತ್ರ ಕೈಸೇರಿ ಹತ್ತು ದಿನವಾಯಿತು. ತಡವಾದದ್ದಕ್ಕೆ ಕ್ಷಮೆ ಇರಲಿ. ಎರಡು ಸಾಲಿನಲ್ಲಿ ಹೇಳಿ ಮುಗಿಸುವಂಥ ಪ್ರಶ್ನೆ ನಿಮ್ಮದಲ್ಲ. ಮಹಡಿಯ ಮೇಲೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದ್ದೀರಿ. ಸುಡುಬಿಸಿಲಿನಲ್ಲಿ ಕರೆಂಟ್ ಹೋದರೆ ನಿಮ್ಮ ಫ್ಯಾನೂ ನಿಲ್ಲುತ್ತದೆ. ಕರೆಂಟ್ ಇದ್ದ ದಿನವೂ ಹನ್ನೆರಡರಿಂದ ಎರಡರ ನಡುವೆ, ಸೋಲಾರ್ ವಿದ್ಯುತ್ತನ್ನು ಮನೆಯ ಕರೆಂಟಾಗಿ ಬದಲಿಸುವ ಇನ್ವರ್ಟರ್ ‘ವೋಲ್ಟೇಜ್ ಹೆಚ್ಚು’ ಎಂದು ತೋರಿಸಿ ತಾನೇ ಆಫ್ ಆಗುತ್ತದೆ. ಅದೇ ಮನೆಯಲ್ಲಿ ಸಂಜೆ ಏಳಕ್ಕೆ ಮಿಕ್ಸಿ ತಿರುಗಲು ತಿಣುಕುತ್ತದೆ. “ಕಳೆದ ಸಂಚಿಕೆಯಲ್ಲಿ ಸ್ಮಾರ್ಟ್ ಗ್ರಿಡ್ ಅಂತ ಅಷ್ಟೊಂದು ಬರೆದಿರಿ. ಅದು ನಮ್ಮ ಬೀದಿಗೆ ಬರುವುದು ಯಾವಾಗ?” ಎಂದು ಕೇಳಿದ್ದೀರಿ. ಸ್ಮಾರ್ಟ್ ಗ್ರಿಡ್ ಅಂದರೆ ಎಲ್ಲಿ ಏನಾಗುತ್ತಿದೆ ಎಂದು ತಾನೇ ಅಳೆದು ತಿಳಿಸುವ ವಿದ್ಯುತ್ ಜಾಲ.

ಕರೆಂಟ್ ಹೋದಾಗ ಇನ್ವರ್ಟರ್ ನಿಲ್ಲುವುದು ದೋಷವಲ್ಲ, ಅದು ಹಾಗೆ ನಿಲ್ಲಲೇಬೇಕು. ಲೈನ್ ಆಫ್ ಆಗಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮ್ಯಾನ್ ಕೈಗೆ ನಿಮ್ಮ ಮಹಡಿಯ ವಿದ್ಯುತ್ ತಗುಲಬಾರದು. ಹೊರಗಿನ ಲೈನಿನಿಂದ ಮನೆಯನ್ನು ಬೇರ್ಪಡಿಸಿಕೊಂಡು ನಡೆಯುವ ಹೈಬ್ರಿಡ್ ಇನ್ವರ್ಟರು, ಜೊತೆಗೊಂದು ಸಣ್ಣ ಬ್ಯಾಟರಿ ಇದ್ದರೆ ನಿಮ್ಮ ಫ್ಯಾನು, ದೀಪ ನಡೆಯುತ್ತವೆ. ಇದನ್ನು ಹಾಕಿಸುವ ಮೊದಲೇ ನಿಮಗೆ ಹೇಳಬೇಕಿತ್ತು.

ಎರಡನೆಯ ತೊಂದರೆ ಗಹನವಾದದ್ದು. ವಾಣಿವಿಲಾಸ ಸಾಗರದ ನಾಲೆ ನೋಡಿ ಬೆಳೆದ ನಿಮಗೆ ‘ಕೊನೆಭಾಗದ ರೈತ’ ಎಂದರೆ ಏನೆಂದು ವಿವರಿಸಬೇಕಿಲ್ಲ. ವಿದ್ಯುತ್ ಲೈನಿನಲ್ಲಿ ನಿಮ್ಮದೂ ಕೊನೆಭಾಗ. ಸಂಜೆ ಟಿ.ಸಿ.ಯಿಂದ (ಬೀದಿಯ ಟ್ರಾನ್ಸ್‌ಫಾರ್ಮರಿನಿಂದ) ಹೊರಟ ಕರೆಂಟನ್ನು ದಾರಿಯ ಮನೆಗಳೆಲ್ಲ ಬಳಸಿಕೊಂಡು, ತಂತಿಯ ರೋಧವನ್ನೂ ದಾಟಿ ನಿಮ್ಮಲ್ಲಿಗೆ ಬರುವಷ್ಟರಲ್ಲಿ ವೋಲ್ಟೇಜ್ ಸೊರಗಿರುತ್ತದೆ. ಹಾಗೆಂದೇ ಟಿ.ಸಿ.ಯ ಟ್ಯಾಪನ್ನು, ಅಂದರೆ ಅದು ಹೊರಬಿಡುವ ವೋಲ್ಟೇಜನ್ನು ಹೊಂದಿಸುವ ಹಂತವನ್ನು, ತುಸು ಮೇಲಕ್ಕೆ ಇಟ್ಟಿರುತ್ತಾರೆ. ಮಧ್ಯಾಹ್ನ ಎಲ್ಲ ತಿರುಗುಮುರುಗು. ಮನೆಗಳಲ್ಲಿ ಬಳಕೆ ಇಲ್ಲ, ಮಹಡಿಗಳ ಮೇಲೆ ಉತ್ಪಾದನೆ ಭರಪೂರ. ಆ ವಿದ್ಯುತ್ ಟಿ.ಸಿ. ಕಡೆಗೆ ಹಿಂದಕ್ಕೆ ಹರಿಯಬೇಕಾದರೆ ನಿಮ್ಮ ತುದಿಯ ವೋಲ್ಟೇಜ್ ಟಿ.ಸಿ.ಯದಕ್ಕಿಂತ ಮೇಲೇರಲೇಬೇಕು. 230 ವೋಲ್ಟ್ ಇರಬೇಕಾದದ್ದು 253 ದಾಟಿತೆಂದರೆ, ಅಂದರೆ ಹತ್ತು ಶೇಕಡಾ ಹೆಚ್ಚಾದರೆ, ಸಾಮಾನ್ಯವಾಗಿ ಇನ್ವರ್ಟರ್ ಕೈಚೆಲ್ಲುತ್ತದೆ. ಸಂಜೆ ಎಲ್ಲರಿಗಿಂತ ಕಡಿಮೆ ಪಡೆಯುವ ಮನೆಯೇ ಮಧ್ಯಾಹ್ನ ಎಲ್ಲರಿಗಿಂತ ಹೆಚ್ಚಿನ ವೋಲ್ಟೇಜ್ ತಾಳಿಕೊಳ್ಳಬೇಕು.

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೊರಟಾಗ ಅದು ಹೋಗುವುದು ಒಂದೇ ದಿಕ್ಕಿನಲ್ಲಿತ್ತು. ನಾವು ಕಟ್ಟಿದ ಲೈನುಗಳೆಲ್ಲ ಅದೇ ಲೆಕ್ಕದವು. ಈಗ ಅವುಗಳಲ್ಲಿ ಎರಡೂ ಕಡೆ ಹರಿಸುತ್ತಿದ್ದೇವೆ, ಆದರೆ ಸಬ್‌ಸ್ಟೇಷನ್‌ನಿಂದ ಹೊರಡುವ 11 ಕೆ.ವಿ. (11,000 ವೋಲ್ಟ್) ಫೀಡರ್ ಲೈನ್ ದಾಟಿದರೆ ಯಾವ ಬೀದಿಯಲ್ಲಿ ಏನಾಗುತ್ತಿದೆ ಎಂದು ಕಾಣುವ ಕಣ್ಣು ಹೆಚ್ಚಿನ ಕಡೆ ಇಲ್ಲ. ಸ್ಮಾರ್ಟ್ ಮೀಟರ್ ಬೇಕಿರುವುದು ಬಿಲ್ಲಿಗಿಂತ ಹೆಚ್ಚಾಗಿ ಇದಕ್ಕೆ. ಯಾವ ಮನೆಯಲ್ಲಿ, ಯಾವ ಫೇಸಿನಲ್ಲಿ (ಲೈನಿನ ಮೂರು ಕರೆಂಟ್ ತಂತಿಗಳಲ್ಲಿ ಯಾವುದರಲ್ಲಿ), ಎಷ್ಟು ಹೊತ್ತಿಗೆ ವೋಲ್ಟೇಜ್ ಏರಿತು ಎಂಬುದು ವಿದ್ಯುತ್ ಕಂಪನಿಯ ಕಚೇರಿಗೆ ತಿಳಿಯಬೇಕು. ಕಳೆದ ಸಂಚಿಕೆಯಲ್ಲಿ ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕಿನ ಬಗ್ಗೆ ಪುಟಗಟ್ಟಲೆ ಬರೆದ ನಾವು ಈ ಕೊನೆಯ ಕಂಬದ ಬಗ್ಗೆ ಒಂದು ಸಾಲೂ ಬರೆಯಲಿಲ್ಲ. ಅದು ನಮ್ಮ ಲೋಪ.

ವೋಲ್ಟೇಜ್ ಏರಿಕೆ ಸಣ್ಣ ಸಂಗತಿಯೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ. 2025ರ ಏಪ್ರಿಲ್ 28ರ ಮಧ್ಯಾಹ್ನ ಸ್ಪೇನ್, ಪೋರ್ಚುಗಲ್ ಎರಡೂ ಕತ್ತಲಾದದ್ದು ದೊಡ್ಡ ಲೈನುಗಳಲ್ಲಿ ಇಂಥದೇ ಏರಿಕೆ ಒಂದರ ಹಿಂದೊಂದು ವಿದ್ಯುತ್ ಸ್ಥಾವರವನ್ನು ಆಫ್ ಮಾಡಿಸಿದ್ದರಿಂದ.

ಪಂಪ್‌ಸೆಟ್ಟಿಗೆ ರಾತ್ರಿ ಕರೆಂಟ್ ಏಕೆ ಕೊಡುತ್ತಾರೆ ಎಂಬ ನಿಮ್ಮ ಕೊನೆಯ ಪ್ರಶ್ನೆಯೂ ಇದಕ್ಕೇ ಸೇರಿದ್ದು. ಸೂರ್ಯ ಇಳಿದಂತೆ ಪಾವಗಡ ಸೊನ್ನೆಗೆ ಬರುತ್ತದೆ, ಅದೇ ಹೊತ್ತಿಗೆ ಊರೆಲ್ಲ ದೀಪ ಹಚ್ಚುತ್ತದೆ. ಆ ಕೊರತೆಗೆ ತಕ್ಷಣ ಓಗೊಡುವುದು ಶರಾವತಿಯಂಥ ಜಲವಿದ್ಯುತ್. ಕಲ್ಲಿದ್ದಲಿನ ಘಟಕಗಳು ಅಷ್ಟು ಬೇಗ ಏರಿ ಇಳಿಯಲಾರವು. ಮಳೆ ಕೈಕೊಟ್ಟ 2023ರಲ್ಲಿ ಆ ಆಸರೆಯೂ ಸೊರಗಿದ್ದನ್ನು ಕಂಡಿದ್ದೇವೆ. ಹಗಲಿನ ವಿದ್ಯುತ್ತನ್ನು ಸಂಜೆಗೆ ಕೂಡಿಡಲು ಶರಾವತಿ ಕಣಿವೆಯಲ್ಲಿ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ (ಹಗಲು ನೀರನ್ನು ಮೇಲಕ್ಕೆತ್ತಿ, ಸಂಜೆ ಕೆಳಗೆ ಬಿಟ್ಟು ವಿದ್ಯುತ್ ತೆಗೆಯುವ ಘಟಕ) ಕಟ್ಟುವ ಯೋಜನೆ ಇದೆ. ಸಿಂಗಳೀಕಗಳ ಆ ಕಾಡನ್ನು ಮುಟ್ಟುವ ಮೊದಲು ಮಾಡಬೇಕಾದ ಕೆಲಸ ಬೇರೊಂದಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಸೋಲಾರ್ ವಿದ್ಯುತ್ ಭರಪೂರ ಇರುವ ಹಗಲಲ್ಲೇ ರೈತರ ಪಂಪು ಓಡಲಿ. ರಾಜ್ಯದ ‘ನಿರಂತರ ಜ್ಯೋತಿ’ ಯೋಜನೆಯಲ್ಲಿ ಊರಿನ ಲೈನನ್ನೂ ಪಂಪ್‌ಸೆಟ್ ಲೈನನ್ನೂ ಬೇರೆ ಮಾಡಿದ್ದು ಇದಕ್ಕೆ ಹೇಳಿಮಾಡಿಸಿದಂತಿದೆ. ರೈತರ ಪಂಪುಗಳಿಗೆ ಸೋಲಾರ್ ವಿದ್ಯುತ್ ಒದಗಿಸುವ ಕುಸುಮ್ ಯೋಜನೆಯಲ್ಲಿ ಸಬ್‌ಸ್ಟೇಷನ್ ಪಕ್ಕದಲ್ಲೇ ಸಣ್ಣ ಸೋಲಾರ್ ಘಟಕ ಇಟ್ಟರೆ ಆ ವಿದ್ಯುತ್ ದೂರ ಪ್ರಯಾಣ ಮಾಡಬೇಕಾಗಿಯೂ ಇಲ್ಲ. ಹೊಲಕ್ಕೆ ಹೋದ ನೀರೂ ಒಂದು ಬಗೆಯ ಸಂಗ್ರಹವೇ. ಇದರಿಂದ ರಾತ್ರಿ ಹಾವು, ಕತ್ತಲು ಎನ್ನದೆ ಹೊಲಕ್ಕೆ ಹೋಗುವುದೂ ತಪ್ಪುತ್ತದೆ.

ಈಗ ನಿಮ್ಮ ಮನೆಯ ಮಟ್ಟಿಗೆ. ಇನ್ವರ್ಟರಿನಿಂದ ಮೀಟರಿನವರೆಗಿನ ತಂತಿ ತೆಳುವಾಗಿದ್ದರೆ ಅಲ್ಲೇ ಕೆಲವು ವೋಲ್ಟ್ ಏರುತ್ತದೆ, ಮೊದಲು ಅದನ್ನು ನೋಡಿಸಿ. ವೋಲ್ಟೇಜ್ ಏರಿದಾಗ ಒಮ್ಮೆಲೇ ಆಫ್ ಆಗದೆ ಹಂತಹಂತವಾಗಿ ಉತ್ಪಾದನೆ ತಗ್ಗಿಸುವ ಸೆಟ್ಟಿಂಗ್ ನಿಮ್ಮ ಇನ್ವರ್ಟರಿನಲ್ಲಿ ಇದೆಯೇ ಎಂದು ಹಾಕಿದವರನ್ನು ಕೇಳಿ. ಬೋರ್‌ವೆಲ್ ಮೋಟರು, ವಾಷಿಂಗ್ ಮಷೀನು ಹನ್ನೆರಡರ ಮೇಲೆ ನಡೆಯಲಿ. ಬೀದಿಯ ಸೋಲಾರ್ ಮನೆಗಳೆಲ್ಲ ಒಂದೇ ಫೇಸಿನ ಮೇಲಿದ್ದರೆ ಹಂಚಿಹಾಕುವುದು ಲೈನ್‌ಮ್ಯಾನ್‌ಗೆ ದೊಡ್ಡ ಕೆಲಸವಲ್ಲ.

ಬಾಯಿಮಾತಿನಲ್ಲಿ ಹೇಳಿದರೆ ಯಾವುದೂ ದಾಖಲಾಗುವುದಿಲ್ಲ. ಎರಡು ವಾರ ದಿನವೂ ಬೆಳಿಗ್ಗೆ 8, ಮಧ್ಯಾಹ್ನ 12.30, ಸಂಜೆ 7ಕ್ಕೆ ಇನ್ವರ್ಟರ್ ತೋರಿಸುವ ವೋಲ್ಟೇಜನ್ನು ಬರೆದಿಡಿ. ಅದನ್ನು ಅರ್ಜಿಯ ಜೊತೆ ವಿದ್ಯುತ್ ಕಂಪನಿಯ ಸೆಕ್ಷನ್ ಆಫೀಸಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಒಂದು ಪ್ರತಿ ನಮಗೂ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಆ ಅಂಕಿಗಳನ್ನೇ ಅಚ್ಚು ಹಾಕುತ್ತೇವೆ.

— ಸಂ.