ತಾಯಿಗೆ ಪಾರ್ಕಿನ್ಸನ್ ಇದೆ, ಸಕ್ಕರೆ ಕಾಯಿಲೆಯ ಔಷಧ ಶುರು ಮಾಡಬಹುದೇ?

ನೀವು ಬರೆದಿರುವುದು ಇಷ್ಟು: ತಾಯಿಯ ಏಳು ವರ್ಷದ ಪಾರ್ಕಿನ್ಸನ್, ಸ್ವಲ್ಪ ಮೇಲಿರುವ ಸಕ್ಕರೆ, ಸಕ್ಕರೆಯ ಔಷಧ ಪಾರ್ಕಿನ್ಸನ್ನಿಗೂ ಆಗುತ್ತದೆಂದು ಎಲ್ಲೋ ಓದಿದ ಸುದ್ದಿ, ಮಂಗಳೂರಿನಲ್ಲಿ ಔಷಧ ಯಾವ ಅಂಗಡಿಯಲ್ಲಿ ಸಿಗುತ್ತದೆ ಎಂಬ ಪ್ರಶ್ನೆ. ತಾಯಿ ಇದ್ದಲ್ಲಿ ತಂದೆ ಎಂದು ಬರೆದರೆ ಇದು 2024ರಲ್ಲಿ ನಾನೇ ಕೇಳುತ್ತಿದ್ದ ಪ್ರಶ್ನೆ. ಅಂಗಡಿ ಗೊತ್ತಿದೆ, ಹೇಳುವುದಿಲ್ಲ.

ನಮ್ಮದು ಬದಿಯಡ್ಕದ ಒಳಗಿನ ಹಳ್ಳಿ. ಅಪ್ಪ ಅಡಿಕೆ ಕೃಷಿಕರು, ತಾಳಮದ್ದಳೆಯ ಅರ್ಥಧಾರಿ. ಕೈ ನಡುಗುವ ಮೊದಲೇ ಅವರ ದನಿ ಕುಗ್ಗಿತ್ತು. ಎದುರಿನ ಅರ್ಥಧಾರಿಗೂ ಮಾತು ಸರಿಯಾಗಿ ಕೇಳಿಸುತ್ತಿರಲಿಲ್ಲ. ವಯಸ್ಸು ಎಂದುಕೊಂಡೆವು. ಮೆಟ್ಟುಗತ್ತಿಯ ಮುಂದೆ ಅಡಿಕೆ ಸುಲಿಯುವಾಗ ಎಡಗೈ ಮಾತು ಕೇಳದಾದ ಮೇಲೆ ಮಂಗಳೂರಿಗೆ ಕರೆದೊಯ್ದೆವು. ಲೆವೊಡೋಪ ಮತ್ತು ಕಾರ್ಬಿಡೋಪ ಸೇರಿದ ಮಾತ್ರೆ ಬರೆದುಕೊಟ್ಟರು. ಬೆಳಗ್ಗೆ ಕಣ್ಣು ಬಿಟ್ಟ ಕೂಡಲೇ ಒಂದು, ಆಮೇಲೆ ಹೊತ್ತು ತಪ್ಪದೆ. ಮದ್ದು ಹಿಡಿಯಿತು, ಅಪ್ಪ ಮತ್ತೆ ತೋಟಕ್ಕಿಳಿದರು.

2024ರ ಏಪ್ರಿಲ್‌ನಲ್ಲಿ ಆ ಸುದ್ದಿ ಬಂತು. ಫ್ರಾನ್ಸಿನಲ್ಲಿ 156 ರೋಗಿಗಳ ಮೇಲೆ ಲಿಕ್ಸಿಸೆನಟೈಡ್ ಎಂಬ ಸಕ್ಕರೆ ಕಾಯಿಲೆಯ ಚುಚ್ಚುಮದ್ದಿನ ಪ್ರಯೋಗ ನಡೆದಿತ್ತು. ವರ್ಷದ ಕೊನೆಗೆ ಔಷಧ ಪಡೆದವರ ಚಲನೆಯ ಅಂಕ ಇದ್ದಲ್ಲೇ ಇತ್ತು. ಹುಸಿ ಔಷಧ ಪಡೆದವರದು ಸುಮಾರು 3 ಅಂಕ ಹದಗೆಟ್ಟಿತ್ತು. ನಾನು ಓದಿದ್ದು ಅಷ್ಟೇ. ಆ ಅಳತೆಗೋಲು 132 ಅಂಕದ್ದು, ಪ್ರಯೋಗದಲ್ಲಿದ್ದವರೆಲ್ಲ ರೋಗ ಗೊತ್ತಾಗಿ ಮೂರು ವರ್ಷವೂ ಆಗದವರು, ಔಷಧ ಪಡೆದವರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ವಾಕರಿಕೆ ಬಂದಿತ್ತು ಎಂಬುದೆಲ್ಲ ಕಣ್ಣಿಗೇ ಬೀಳಲಿಲ್ಲ.

ಅಪ್ಪನಿಗೆ ಶುಗರ್ ಇತ್ತು, ಮೆಟ್‌ಫಾರ್ಮಿನ್‌ನಲ್ಲೇ ಹತೋಟಿಯಲ್ಲಿತ್ತು. ಅದನ್ನೇ ನೆಪ ಮಾಡಿ ಊರ ಸಮೀಪದ ವೈದ್ಯರೊಬ್ಬರಿಂದ ಲಿಕ್ಸಿಸೆನಟೈಡ್ ಗುಂಪಿನದೇ ಆದ ಸೆಮಾಗ್ಲುಟೈಡ್ ಮಾತ್ರೆ ಬರೆಸಿಕೊಂಡೆ. ಮಂಗಳೂರಿನ ನರರೋಗ ತಜ್ಞರಿಗೆ ಹೇಳಲಿಲ್ಲ; ಬೇಡ ಎನ್ನುತ್ತಾರೆಂದು ಗೊತ್ತಿತ್ತು. ಅದನ್ನು ಹೇಗಾದರೂ ಕ್ಷಮಿಸಬಹುದು. ಮುಂದೆ ಮಾಡಿದ್ದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವೂ ಅದನ್ನೇ ಮಾಡುತ್ತೀರಿ.

ಆ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ಒಂದೆರಡು ಗುಟುಕು ನೀರಿನೊಂದಿಗೆ ನುಂಗಬೇಕು. ಆಮೇಲೆ ಅರ್ಧ ಗಂಟೆ ಏನನ್ನೂ ತೆಗೆದುಕೊಳ್ಳಬಾರದು, ಬೇರೆ ಮಾತ್ರೆಯನ್ನೂ. ಹಾಗಾಗಿ ಅಪ್ಪನ ಬೆಳಗಿನ ಲೆವೊಡೋಪವನ್ನು ಹಿಂದಕ್ಕೆ ಸರಿಸಿದೆ. ಅರ್ಧ ಗಂಟೆ ತಾನೇ? ರಾತ್ರಿಯ ಮಾತ್ರೆಯ ಬಲ ಬೆಳಗಾಗುವಷ್ಟರಲ್ಲಿ ಇಳಿದಿರುತ್ತದೆ, ರೋಗಿಯ ಮೈ ಕೊರಡಾಗಿರುವುದು ಆ ಹೊತ್ತಿನಲ್ಲೇ. ಲೆವೊಡೋಪ ರಕ್ತಕ್ಕೆ ಸೇರುವುದು ಸಣ್ಣ ಕರುಳಿನಿಂದ, ಹೊಟ್ಟೆಯಿಂದಲ್ಲ. ಪಾರ್ಕಿನ್ಸನ್ನಿನಲ್ಲಿ ಹೊಟ್ಟೆ ಖಾಲಿಯಾಗುವುದು ಮೊದಲೇ ನಿಧಾನ. ಈ ಗುಂಪಿನ ಔಷಧಗಳು ಅದನ್ನು ಇನ್ನಷ್ಟು ನಿಧಾನ ಮಾಡುತ್ತವೆ. ಅಪ್ಪನ ಮಾತ್ರೆ ತಲಪಾಡಿ ಟೋಲ್‌ನಲ್ಲಿ ಸಿಕ್ಕಿಕೊಂಡ ಬಸ್ಸಿನಂತೆ ಹೊಟ್ಟೆಯಲ್ಲೇ ನಿಂತಿತು. ಸಾಲದ್ದಕ್ಕೆ, ಮಾತ್ರೆ ತಡವಾದ್ದರಿಂದ ಅದರ ಬೆನ್ನಿಗೇ ಉದ್ದಿನ ದೋಸೆಯೂ ಬಂತು. ಉದ್ದಿನ ಪ್ರೋಟೀನ್ ಕರುಳಿನಲ್ಲಿ ಲೆವೊಡೋಪದೊಂದಿಗೆ ಪೈಪೋಟಿಗೆ ನಿಲ್ಲುತ್ತದೆ. ಗಡಿಯಾರದಲ್ಲಿ ಅರ್ಧ ಗಂಟೆ, ಅಪ್ಪನ ಮೈಯಲ್ಲಿ ಅರ್ಧ ಬೆಳಗು.

ನಡುವೆ ವಾಂತಿ ಶುರುವಾಯಿತು. ಹತ್ತಿರದ ಕ್ಲಿನಿಕ್ಕಿನಲ್ಲಿ ಮೆಟೊಕ್ಲೊಪ್ರಮೈಡ್ ಚುಚ್ಚಿದರು. ಈ ಹೆಸರನ್ನು ಬರೆದು ಗೋಡೆಗೆ ಅಂಟಿಸಿ. ಲೆವೊಡೋಪದಿಂದ ಮೆದುಳಿಗೆ ಸಿಗುವ ಡೋಪಮೈನ್ ಎಂಬ ರಾಸಾಯನಿಕದ ಕೆಲಸವನ್ನೇ ಅದು ತಡೆಯುತ್ತದೆ, ಪಾರ್ಕಿನ್ಸನ್ ಇದ್ದವರಿಗೆ ಕೊಡಬಾರದು. ಸಾಮಾನ್ಯವಾಗಿ ಬದಲಿಗೆ ಕೊಡುವುದು ಡೊಂಪೆರಿಡೋನ್. ಹೃದಯದ ತೊಂದರೆ ಇದ್ದರೆ ಅದಕ್ಕೂ ಎಚ್ಚರ ಬೇಕು. ಮೊದಲೇ ತೆಳ್ಳಗಿದ್ದ ಅಪ್ಪ ಇನ್ನೂ ಇಳಿದರು. ಒಂದು ಬೆಳಗ್ಗೆ ಮಾತ್ರೆ ಹಿಡಿಯುವ ಮೊದಲೇ ಬಚ್ಚಲಿಗೆ ಹೊರಟು ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ತೋಟಕ್ಕೆ ಇಳಿಯುವುದು ಅಲ್ಲಿಗೆ ನಿಂತಿತು.

ವಿಜ್ಞಾನಿಗಳ ದಾರಿ ಮೂರ್ಖತನದ್ದೇನೂ ಅಲ್ಲ. ಟೈಪ್ 2 ಸಕ್ಕರೆ ಕಾಯಿಲೆ ಇದ್ದವರಿಗೆ ಪಾರ್ಕಿನ್ಸನ್ ಬರುವ ಸಂಭವ ಹೆಚ್ಚು ಎಂಬುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಅಮೆರಿಕದ ಗಿಲಾ ಮಾನ್‌ಸ್ಟರ್ ಎಂಬ ವಿಷದ ಹಲ್ಲಿಯ ಜೊಲ್ಲಿನಲ್ಲಿ ಸಿಕ್ಕ ವಸ್ತುವಿನಿಂದ ಬಂದ, ಇದೇ ಗುಂಪಿನ ಎಕ್ಸೆನಟೈಡ್ 2017ರಲ್ಲಿ ಲಂಡನ್ನಿನ 62 ರೋಗಿಗಳ ಪ್ರಯೋಗದಲ್ಲಿ ಆಸೆ ಹುಟ್ಟಿಸಿತ್ತು. ಅದನ್ನೇ 194 ಮಂದಿಯ ಮೇಲೆ 96 ವಾರ ಪರೀಕ್ಷಿಸಿದ ಫಲಿತಾಂಶ 2025ರಲ್ಲಿ ಬಂತು: ಪ್ರಯೋಜನವಿಲ್ಲ. ಪಯೋಗ್ಲಿಟಜೋನ್ ಎಂಬ ಇನ್ನೊಂದು ಸಕ್ಕರೆ ಮಾತ್ರೆಯ ಕಥೆ 2015ರಲ್ಲೇ ಮುಗಿದಿತ್ತು. ಲಿಕ್ಸಿಸೆನಟೈಡ್ ಒಂದು ಉಳಿದಿದೆ, ಅದೂ ಹೊಸ ರೋಗಿಗಳ ಮೇಲಿನ ಒಂದೇ ವರ್ಷದ ಲೆಕ್ಕ. ಆದ್ದರಿಂದ ಎಲ್ಲಿ ಸಿಗುತ್ತದೆ ಎಂದು ಕೇಳಬೇಡಿ. ಈಗಿರುವ ಮಾತ್ರೆಯನ್ನು ತಾಯಿ ಯಾವ ಹೊತ್ತಿಗೆ, ಯಾವ ಊಟದ ಹತ್ತಿರ ನುಂಗುತ್ತಾರೆ, ಎಷ್ಟು ಹೊತ್ತಿಗೆ ಮೈ ಸಡಿಲವಾಗುತ್ತದೆ ಎಂದು ಒಂದು ವಾರ ಬರೆದಿಟ್ಟು ನರರೋಗ ತಜ್ಞರ ಮುಂದೆ ಇಡಿ. ನಮ್ಮ ಮನೆಯಲ್ಲಿ ಯಾವ ಹೊಸ ಔಷಧಕ್ಕಿಂತಲೂ ಹೆಚ್ಚು ಕೆಲಸ ಮಾಡಿದ್ದು ಆ ಹಾಳೆ. ಯಾರಾದರೂ ನಸುಗುನ್ನಿ ಬೀಜದ ಪುಡಿ ತಂದುಕೊಟ್ಟರೆ ಅದನ್ನೂ ಬರೆಯಿರಿ. ಅದರಲ್ಲಿರುವುದೂ ಲೆವೊಡೋಪವೇ, ಮಾತ್ರೆಯ ಪ್ರಮಾಣಕ್ಕೆ ಅದೂ ಸೇರಿಕೊಳ್ಳುತ್ತದೆ.

ಸಕ್ಕರೆ ಸ್ವಲ್ಪ ಮೇಲಿದೆ ಎಂದಿದ್ದೀರಿ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ. ಅದು ನಿಜವಾಗಿಯೂ ಕಾಯಿಲೆಯ ಮಟ್ಟದಲ್ಲಿದ್ದು, ವೈದ್ಯರೇ ಈ ಗುಂಪಿನ ಔಷಧ ಬೇಕೆಂದರೆ ನನ್ನ ತಕರಾರಿಲ್ಲ, ಅದು ಸಕ್ಕರೆಯ ಚಿಕಿತ್ಸೆ. ಆದರೆ ಮಾತ್ರೆಯ ಬದಲು ವಾರಕ್ಕೊಮ್ಮೆ ಚುಚ್ಚುವ ರೂಪ ಆದೀತೇ ಎಂದು ಕೇಳಿ. ಹೊಟ್ಟೆ ನಿಧಾನವಾಗುವುದು ಅದರಲ್ಲೂ ತಪ್ಪುವುದಿಲ್ಲ, ಆದರೆ ಬೆಳಗಿನ ಲೆವೊಡೋಪದ ಹೊತ್ತನ್ನಾದರೂ ಹಿಂದಕ್ಕೆ ಸರಿಸಬೇಕಾಗುವುದಿಲ್ಲ. ಮೊದಲ ತಿಂಗಳುಗಳಲ್ಲಿ ತಾಯಿಯ ತೂಕ ನೋಡುತ್ತಿರಿ.