ಚುಚ್ಚುಮಾತು ಹಗಲಿನದು, ಕುಡಿತ ಸಂಜೆಯದು

ಪ್ರಶ್ನೆ: ನಾನು ಎಂಜಿನಿಯರ್. ಸಭೆಯಲ್ಲಿ ಲೆಕ್ಕ ವಿವರಿಸಲು ಎದ್ದಾಗಲೆಲ್ಲ ‘ಹೆಂಗಸರಿಗೆ ಇದೆಲ್ಲ ಎಲ್ಲಿ ತಿಳಿಯಬೇಕು’ ಎಂಬ ಭಾವ ಎದುರಿನವರ ಮುಖದಲ್ಲಿ ಕಾಣುತ್ತದೆ. ಕುಡಿಯಬಾರದೆಂದು ಬೆಳಿಗ್ಗೆಯೇ ನಿಶ್ಚಯಿಸಿದ್ದರೂ ಅಂಥ ದಿನಗಳಲ್ಲಿ ಸಂಜೆ ಮೂರು ಗ್ಲಾಸ್ ವೈನ್ ಆಗಿಬಿಡುತ್ತದೆ. ಇದು ನನ್ನ ಮನೋದೌರ್ಬಲ್ಯವೇ?

ಉತ್ತರ: ಅಲ್ಲ. ಒತ್ತಡವನ್ನು ಪ್ರಯೋಗಾಲಯದಲ್ಲಿ ಉಂಟುಮಾಡಿ ಅಳೆಯಲು 1993ರಲ್ಲಿ ಜರ್ಮನಿಯ ಟ್ರಿಯರ್ ವಿಶ್ವವಿದ್ಯಾಲಯದ ಸಂಶೋಧಕರು ರೂಪಿಸಿದ ಪರೀಕ್ಷೆ ಬಹುಮಟ್ಟಿಗೆ ನಿಮ್ಮ ಸಭೆಯಂತೆಯೇ ಇದೆ: ಮುಖದಲ್ಲಿ ಯಾವ ಭಾವವನ್ನೂ ತೋರದ ತೀರ್ಪುಗಾರರ ಮುಂದೆ ನಿಂತು ಭಾಷಣ ಮಾಡಬೇಕು, ಬಳಿಕ 1022ರಿಂದ ಹದಿಮೂರು ಹದಿಮೂರಾಗಿ ಕಳೆಯುತ್ತ ಹೋಗಬೇಕು, ತಪ್ಪಿದರೆ ಮೊದಲಿನಿಂದ ಶುರು. ಇದರಿಂದ ಏರುವ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಪರೀಕ್ಷೆ ಮುಗಿದ ಮೇಲೂ ಕೆಲಹೊತ್ತು ಏರುತ್ತಲೇ ಇರುತ್ತದೆ.

ನಿಮ್ಮ ವಿಷಯದಲ್ಲಿ ಇನ್ನೊಂದು ಹೊರೆಯೂ ಇದೆ. ನಮ್ಮ ಗುಂಪಿನ ಬಗೆಗಿನ ಪೂರ್ವಗ್ರಹವನ್ನು ನಾವೇ ನಿಜಮಾಡಿಬಿಟ್ಟೇವೆಂಬ ಅಳುಕನ್ನು ಮನೋವಿಜ್ಞಾನಿಗಳಾದ ಕ್ಲಾಡ್ ಸ್ಟೀಲ್ ಮತ್ತು ಜೋಶುವಾ ಆರನ್ಸನ್ 1995ರಲ್ಲಿ ವಿವರಿಸಿದರು. ಪರೀಕ್ಷೆಯ ಅಂಕಗಳ ಮೇಲೆ ಅದರ ಪರಿಣಾಮ ಎಷ್ಟು ದೊಡ್ಡದೆಂಬ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ಲೆಕ್ಕ ಹೇಳುತ್ತಲೇ ಎದುರಿನವರ ಮುಖವನ್ನೂ ಓದುತ್ತ, ಸಿಟ್ಟನ್ನೂ ನುಂಗಿಕೊಳ್ಳುವುದು ಎಷ್ಟು ದಣಿಸುತ್ತದೆಂಬುದು ಅನುಭವಿಸಿದವರಿಗೆ ಗೊತ್ತು. ಮನೋಬಲವು ಇಂಧನದಂತೆ ಖರ್ಚಾಗಿ ಹೋಗುತ್ತದೆಂಬ ಜನಪ್ರಿಯ ವಿವರಣೆಯನ್ನು ನಾನು ಬಳಸುವುದಿಲ್ಲ; 2016ರಲ್ಲಿ ಹಲವು ಪ್ರಯೋಗಾಲಯಗಳು ಒಟ್ಟಾಗಿ ನಡೆಸಿದ ಮರುಪರೀಕ್ಷೆಯಲ್ಲಿ ಅದು ನಿಲ್ಲಲಿಲ್ಲ. ತೀವ್ರ ಒತ್ತಡದಲ್ಲಿ ಮಿದುಳಿನ ಮುಂಭಾಗದ, ಹಿಂದುಮುಂದು ನೋಡುವ ಕೆಲಸ ಮಂಕಾಗುತ್ತದೆ, ನಾಳೆಯ ನೆಮ್ಮದಿಗಿಂತ ಈ ಗಳಿಗೆಯ ಬಿಡುಗಡೆ ದೊಡ್ಡದಾಗಿ ಕಾಣುತ್ತದೆ ಎನ್ನುವುದು ಹೆಚ್ಚು ಸರಿ. ಬೇಸರದ ಭರದಲ್ಲಿ ದುಡುಕುವ ಈ ಸ್ವಭಾವಕ್ಕೂ ಕುಡಿತದ ತೊಂದರೆಗಳಿಗೂ ಇರುವ ನಂಟು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡುಬಂದಿದೆ.

ಮೊದಲ ಗ್ಲಾಸು ಗಮನವನ್ನು ಕಿರಿದುಗೊಳಿಸಿ, ಕಣ್ಣೆದುರು ಇರುವುದನ್ನಷ್ಟೇ ಉಳಿಸುತ್ತದೆ. ಹಾಗಾಗಿ ಎರಡನೆಯದನ್ನು ಬೇಡವೆನ್ನುವುದು ಇನ್ನೂ ಕಷ್ಟ. ಬೆಳಗಿನ ನಿಶ್ಚಯವನ್ನು ಸಂಜೆಯ ಮನಸ್ಸಿಗೆ ಒಪ್ಪಿಸುವ ಬದಲು ಅದನ್ನು ಒಂದು ನಿರ್ದಿಷ್ಟ ಕ್ರಿಯೆಯಾಗಿ ಕಟ್ಟಿಕೊಳ್ಳಿ: ಸಭೆ ಕೆಟ್ಟದಾಗಿ ಹೋದ ದಿನ ನೇರ ಮನೆಗೆ ಹೋಗದೆ ಅರ್ಧ ಗಂಟೆ ನಡೆಯುವುದು, ನಡೆದದ್ದನ್ನು ನಂಬಿಕೆಯವರೊಬ್ಬರಿಗೆ ಹೇಳುವುದು, ಬಾಟಲಿಯನ್ನು ಮನೆಯಲ್ಲಿ ಇಡದಿರುವುದು. ಸಭೆಯ ವಾತಾವರಣವನ್ನು ಬದಲಿಸುವ ಹೊಣೆ ನಿಮ್ಮೊಬ್ಬರದಲ್ಲ, ಮೇಲಧಿಕಾರಿಯ ಮುಂದೆ ಅದನ್ನು ಎತ್ತುವುದೂ ಚಿಕಿತ್ಸೆಯ ಭಾಗವೇ.

ಕುಡಿತ ದಿನನಿತ್ಯದ್ದಾಗಿದ್ದು, ಬೆಳಿಗ್ಗೆ ಕೈ ನಡುಗುವುದು ಅಥವಾ ಬೆವರುವುದು ಇದ್ದರೆ ಮಾತ್ರ ಒಮ್ಮೆಲೇ ನಿಲ್ಲಿಸಬೇಡಿ. ಅದರಿಂದ ಫಿಟ್ಸ್ ಬರುವ ಅಪಾಯವಿದೆ, ಮೊದಲು ವೈದ್ಯರನ್ನು ಕಾಣಿ.